ಪದ ಪರಿಚಯ: ಅಡಾಪ್ಟಿವ್ ಸೀಟಿಂಗ್

ಕೂರುವವರ ಮೈಗೂ, ಕೂತು ಮಾಡುವ ಕೆಲಸಕ್ಕೂ ಹೊಂದಿಸಿ ಮಾಡಿದ ಆಸನಕ್ಕೆ ಅಡಾಪ್ಟಿವ್ ಸೀಟಿಂಗ್ ಅನ್ನುತ್ತಾರೆ. ಅಂಗಡಿಯ ವೀಲ್‌ಚೇರ್‌ಗೆ ಒಂದು ದಿಂಬು ಸೇರಿಸಿದರೆ ಆಯ್ತು ಅನ್ನುವಂಥದ್ದಲ್ಲ.

ಮೈಸೂರಿನ ಇಂಜಿನಿಯರಿಂಗ್ ಹುಡುಗರು ಫೈನಲ್ ಇಯರ್ ಪ್ರಾಜೆಕ್ಟ್‌ಗೆ ವೀಲ್‌ಚೇರ್ ಆರಿಸಿಕೊಂಡರೆ ಜಾಸ್ತಿ ಯೋಚಿಸುವುದು ಓಡಾಟದ ಬಗ್ಗೆ. ಕೂರುವವರು ನಮ್ಮ ಕೆ.ಆರ್. ಆಸ್ಪತ್ರೆಯಂಥ ಕಡೆ ಆಪರೇಷನ್ ಮಾಡುವ ಸರ್ಜನ್ ಆಗಿದ್ದರೆ? ಆಗ ಲೆಕ್ಕ ಶುರುವಾಗುವುದು ಕೈಯಿಂದ.

ಕೈ ತೊಳೆದು ಗೌನು, ಗ್ಲೌಸ್ ಹಾಕಿದ ಮೇಲೆ ಸ್ಟೆರೈಲ್ ಅಲ್ಲದ, ಅಂದರೆ ರೋಗಾಣು ಇಲ್ಲದ ಹಾಗೆ ಶುದ್ಧ ಮಾಡದ ಏನನ್ನೂ ಸರ್ಜನ್ ಮುಟ್ಟುವ ಹಾಗಿಲ್ಲ. ಚಕ್ರ, ಬ್ರೇಕ್, ಎತ್ತರ ಬದಲಿಸುವ ಗುಂಡಿ, ಯಾವುದನ್ನೂ ಮುಟ್ಟುವಂತಿಲ್ಲ. ಹೊರಗಿನ ಕೆಲಸ ನೋಡಿಕೊಳ್ಳುವ ನರ್ಸ್ ಕೈಯಲ್ಲಿ ರಿಮೋಟ್ ಇರಬೇಕು. ಮದ್ರಾಸ್ ಐಐಟಿಯವರು 2019ರಲ್ಲಿ ತಂದ 'ಅರೈಸ್' ವೀಲ್‌ಚೇರ್ ಕೂತವರನ್ನು ಎಬ್ಬಿಸಿ ನಿಲ್ಲಿಸುತ್ತದೆ. ಒಳ್ಳೆಯ ಸಾಧನವೇ. ಆದರೆ ಅದು ಕೈಯಿಂದ ನಡೆಸುವಂಥದ್ದು. ಆಪರೇಷನ್ ಥಿಯೇಟರ್‌ನಲ್ಲಾದರೆ ಮೊದಲು ನಿಂತು, ಆಮೇಲೆ ಗೌನು ತೊಡಬೇಕಾದೀತು.

ಇನ್ನು ಆಪರೇಷನ್ ಟೇಬಲ್. ಅದರ ಕಂಬ ದಪ್ಪ, ಬುಡ ಅಗಲ. ಫುಟ್‌ರೆಸ್ಟ್ ಬುಡಕ್ಕೆ ತಾಗಿದರೆ ಮಂಡಿ ಒಳಗೆ ಹೋಗುವುದಿಲ್ಲ, ಸರ್ಜನ್ ಮುಂದಕ್ಕೆ ಬಗ್ಗಬೇಕು. ಸೊಂಟದಲ್ಲಿ ಹಿಡಿತವಿಲ್ಲದವರು ಬಗ್ಗಿದರೆ ಆಧಾರಕ್ಕೆ ಒಂದು ಕೈ ಊರಲೇಬೇಕು. ಆ ಕೈ ರೋಗಿಗೆ ಬೇಕಲ್ವಾ? ಅದಕ್ಕೇ ಎದೆಗೊಂದು ಬೆಲ್ಟ್, ಅದರ ಮೇಲೆ ಗೌನು.

ಹಾಗಂತ ಇದು ನಿನ್ನೆ ಮೊನ್ನೆಯ ಯೋಚನೆಯಲ್ಲ. ವೆಲ್ಲೂರಿನ ಡಾ. ಮೇರಿ ವರ್ಗೀಸ್ 1954ರ ಅಪಘಾತದಲ್ಲಿ ಕಾಲಿನ ಬಲ ಕಳೆದುಕೊಂಡ ಮೇಲೂ ವೀಲ್‌ಚೇರ್‌ನಲ್ಲಿ ಕೂತು ಕುಷ್ಠರೋಗಿಗಳ ಕೈ ಆಪರೇಷನ್ ಮಾಡಿದರು. ಕೈ ಆಪರೇಷನ್ ಹೇಗೂ ಕೂತು ಮಾಡುವಂಥದ್ದು. ಕಣ್ಣಿನದೂ ಹಾಗೇ. ಆದರೆ ಪೊರೆ ತೆಗೆಯುವ ಫೇಕೋ ಯಂತ್ರಕ್ಕೆ ಒಂದು ಪಾದ, ಮೈಕ್ರೋಸ್ಕೋಪ್‌ಗೆ ಇನ್ನೊಂದು ಪಾದ ಬೇಕು. ಕುರ್ಚಿ ಎಷ್ಟೇ ಚೆನ್ನಾಗಿರಲಿ, ಪೆಡಲ್ ಕೈಕೊಡುತ್ತದೆ. ಅಂದಮೇಲೆ ಪೆಡಲನ್ನೂ ಅಡಾಪ್ಟಿವ್ ಸೀಟಿಂಗ್ ಲೆಕ್ಕಕ್ಕೇ ಸೇರಿಸುವುದು ಸರಿ ಅನ್ನುತ್ತೇನೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇಂಥ ಹೊಂದಾಣಿಕೆಯನ್ನು ಹಕ್ಕು ಅಂತಲೇ ನೋಡುತ್ತದೆ, ದಯೆ ಅಂತಲ್ಲ.

ದಿಂಬಿನ ವಿಷಯ ಸಣ್ಣದು, ಆದರೆ ಮರೆಯುವುದು ಅದನ್ನೇ. ಸ್ಪರ್ಶ ತಿಳಿಯದ ಜಾಗದಲ್ಲಿ ಗಂಟೆಗಟ್ಟಲೆ ಭಾರ ಬಿದ್ದರೆ ಹುಣ್ಣಾಗುತ್ತದೆ, ಹಾಗಾಗಿ ಜೆಲ್ ಅಥವಾ ಗಾಳಿಯ ದಿಂಬು ಬೇಕು. ಬಟ್ಟೆಯ ಕವರ್ ಬೇಡ. ಹೊಲಿಗೆಯ ಸಂದಿಗೆ ರಕ್ತ ಇಳಿದರೆ ಎಷ್ಟು ಒರೆಸಿದರೂ ಹೋಗುವುದಿಲ್ಲ.