ತಿಗರಿಗಿಂತ ಮೊದಲು ನೀರಿನ ಲೆಕ್ಕ: ಕುಂಬಾರಿಕೆ ಕಲಿಯುವಾಗ ಬರೆದಿಟ್ಟದ್ದು

ನಾನು ಬಾಗಲಕೋಟೆ ನವನಗರದವನು. ಮಣ್ಣಿನ ಜೊತೆ ನನಗಿದ್ದ ನಂಟು ಅಂದ್ರೆ ಚಿಕ್ಕವನಿದ್ದಾಗ ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಿದ್ದು, ಅಷ್ಟೇ. ಪ್ರತಿ ವರ್ಷ ಪೂಜೆಗೆ ಮೊದಲೇ ಒಂದು ಎತ್ತಿನ ಕೋಡು ಉದುರುತ್ತಿತ್ತು. ಅವ್ವ ಆ ಕಡೆಯನ್ನು ಗೋಡೆಗೆ ತಿರುಗಿಸಿ ಇಡುತ್ತಿದ್ದಳು. ಈಗ ನಾಲ್ಕು ತಿಂಗಳಿಂದ ಭಾನುವಾರಕ್ಕೊಮ್ಮೆ ಕುಂಬಾರ ಕಾಕಾ ಒಬ್ಬರ ಹತ್ತಿರ ಕಲಿಯುತ್ತಿದ್ದೇನೆ. ಹೊಸದಾಗಿ ಶುರು ಮಾಡೋರಿಗೆ ಉಪಯೋಗ ಆಗಲಿ ಅಂತ ಟಿಪ್ಪಣಿ ಹಂಚಿಕೊಳ್ಳುತ್ತಿದ್ದೇನೆ.

ನಾನು ಹೋಗಿದ್ದು ತಿಗರಿ, ಅಂದ್ರೆ ಕುಂಬಾರರ ಗಾಲಿ, ತಿರುಗಿಸೋ ಆಸೆಯಿಂದ. ಮೊದಲ ಮೂರು ಭಾನುವಾರ ತಿಗರಿ ಮುಟ್ಟಲಿಕ್ಕೂ ಬಿಡಲಿಲ್ಲ. "ಗಾಲಿ ಎಲ್ಲಿ ಹೋಗೂದಿಲ್ಲ ತಮ್ಮಾ, ಮೊದಲ ಮಣ್ಣಿನಾಗ ನೀರ ಎಷ್ಟ ಐತಿ ಅದನ್ನ ತಿಳಕೋ" ಅಂದರು. ಆಗ ಬೇಜಾರಾಗಿತ್ತು. ಆದರೆ ನನ್ನ ಕೈಯಲ್ಲಿ ಇದುವರೆಗೆ ಕೆಟ್ಟ ಸಾಮಾನಿನ ಲೆಕ್ಕ ಹಾಕಿದರೆ ತಿಗರಿ ಮೇಲೆ ಕೆಟ್ಟದ್ದು ಕಡಿಮೆ, ನೆರಳಲ್ಲಿ ಸುಮ್ನೆ ಇಟ್ಟಾಗ ಕೆಟ್ಟದ್ದೇ ಜಾಸ್ತಿ.

ಮೊದಲು ಮಣ್ಣು. ನಮ್ಮ ಕಡೆ ಎಲ್ಲಿ ನೋಡಿದರೂ ಎರಿ ಮಣ್ಣು, ಅಂದ್ರೆ ಕಪ್ಪು ಮಣ್ಣು, ಮುಟ್ಟಿದರೆ ಅಂಟು, ಇದಕ್ಕಿಂತ ಒಳ್ಳೇದು ಯಾವುದು ಅಂತ ನಾನೇ ಹೊಲದಿಂದ ಒಂದು ಬುಟ್ಟಿ ಹೊತ್ತು ತಂದಿದ್ದೆ. ಕಾಕಾ ನಕ್ಕರು. ಎರಿ ಮಣ್ಣಿನ ಕಣಗಳು ತೆಳು ಹಾಳೆಯ ಥರ ಪದರ ಪದರವಾಗಿ ಇರುತ್ತವೆ, ಆ ಪದರಗಳ ನಡುವೆಯೂ ನೀರು ನುಗ್ಗಿ ಮಣ್ಣು ಉಬ್ಬುತ್ತದೆ, ಒಣಗುವಾಗ ಅಷ್ಟೇ ಜೋರಾಗಿ ಕುಗ್ಗುತ್ತದೆ. ಬೇಸಿಗೆಯಲ್ಲಿ ಹೊಲದಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು ಬಿಡುತ್ತಲ್ಲ, ಅದೇ ಬಿರುಕು ಗಡಿಗೆಯಲ್ಲೂ ಬರುತ್ತದೆ. ಅದಕ್ಕೇ ಅಂಟು ಜಾಸ್ತಿ ಇರೋ ಮಣ್ಣಿಗೆ ಸಣ್ಣ ಉಸುಕು, ಬೂದಿ, ಕೆಂಪು ಮಣ್ಣು ಬೆರೆಸುತ್ತಾರೆ. ಉಸುಕು ಕುಗ್ಗುವುದಿಲ್ಲ, ಮೇಲಾಗಿ ಒಳಗಿನ ನೀರು ಹೊರಗೆ ಬರೋಕೆ ದಾರಿ ಮಾಡಿಕೊಡುತ್ತದೆ. ಜಾಸ್ತಿ ಹಾಕಿದರೆ ಮಣ್ಣು ಬಾಗುವುದಿಲ್ಲ, ಒಡೆಯುತ್ತದೆ. ಬೆಳಗಾವಿ ಜಿಲ್ಲೆಯ ಖಾನಾಪುರ ಕಡೆಯವರು ಪುಣ್ಯವಂತರು ಬಿಡಿ, ಅಲ್ಲಿ ಕೆಂಪು ಮಣ್ಣು. ಹಂಚಿಗೂ ಮಡಕೆಗೂ ಹೆಸರಾದ ಊರು ಅದು, ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆಯೂ ಅಲ್ಲಿದೆ.

ಮಣ್ಣು ಪರೀಕ್ಷೆ ಮಾಡೋದು ಸುಲಭ. ಹದವಾದ ಮಣ್ಣನ್ನು ಪೆನ್ಸಿಲ್ ದಪ್ಪಕ್ಕೆ ಹೊಸೆದು ಬೆರಳಿಗೆ ಸುತ್ತಿ. ಬಿರುಕು ಬಿಡದಿದ್ದರೆ ಅಂಟು ಸಾಕು. ಆಮೇಲೆ ಒಂದು ಬಿಲ್ಲೆ ತಟ್ಟಿ, ಅದರ ಮೇಲೆ 10 ಸೆಂಟಿಮೀಟರ್ ಗೆರೆ ಎಳೆದು ನೆರಳಲ್ಲಿ ಒಣಗಿಸಿ. ಗೆರೆ 9.4 ಆದರೆ 6% ಕುಗ್ಗಿದೆ ಅಂತ ಅರ್ಥ. ಸುಟ್ಟ ಮೇಲೆ ಇನ್ನಷ್ಟು ಕುಗ್ಗುತ್ತದೆ. ನನ್ನ ಎರಿ ಮಣ್ಣಿನ ಬಿಲ್ಲೆಯಲ್ಲಿ ಗೆರೆಯೇ ಮೂರು ತುಂಡಾಗಿತ್ತು, ಅಳೆಯೋದೇನು ಬಂತು.

ಇನ್ನೊಂದು ವಿಷಯ ನನಗೆ ಉಲ್ಟಾ ಅನಿಸಿತ್ತು. ನೆನೆ ಹಾಕುವ ಹೆಂಟೆ ಪೂರ್ತಿ ಒಣಗಿರಬೇಕು. ಒಣ ಹೆಂಟೆ ನೀರಿಗೆ ಬಿದ್ದ ಕೂಡಲೇ ಪುಡಿಪುಡಿಯಾಗಿ ಕರಗುತ್ತದೆ, ಅರ್ಧ ಹಸಿ ಇದ್ದರೆ ಎರಡು ದಿನವಾದರೂ ಗಂಟು ಗಂಟಾಗೇ ಉಳಿಯುತ್ತದೆ. ಕರಗಿದ್ದನ್ನು ಸೋಸಲೇಬೇಕು. ಬಾಗಲಕೋಟೆ ಸುತ್ತ ಸುಣ್ಣದ ಕಲ್ಲಿಗೇನು ಬರ, ಸಿಮೆಂಟ್ ಕಾರ್ಖಾನೆ ಸುಮ್ನೆ ಬಂದಿಲ್ಲ ಅಲ್ವಾ. ಮಣ್ಣಲ್ಲಿ ಜೋಳದ ಕಾಳಿನಷ್ಟು ಸುಣ್ಣದ ಹರಳು ಉಳಿದರೂ ಬೆಂಕಿಯಲ್ಲಿ ಅದು ಸುಟ್ಟ ಸುಣ್ಣ ಆಗುತ್ತದೆ, ಆಮೇಲೆ ಗಾಳಿಯ ತೇವ ಹೀರಿ ಒಳಗೇ ಅರಳಿ ಮೇಲಿನ ಚಕ್ಕೆಯನ್ನು ಹಾರಿಸುತ್ತದೆ. ನನ್ನ ಮೊದಲ ಪಣತಿ ಸುಡುವಾಗ ಚೆನ್ನಾಗೇ ಇತ್ತು, ಮನೆಗೆ ತಂದು ಇಟ್ಟ ಮೇಲೆ ಒಂದು ದಿನ ತಾನಾಗೇ ಚಕ್ಕೆ ಎದ್ದಿತು. ಒಣ ಮಣ್ಣಿನ ಮೇಲೆ ಲಿಂಬೆ ರಸ ಹಿಂಡಿ ನೋಡಿ, ನೊರೆ ಬಂದರೆ ಸುಣ್ಣ ಇದೆ.

ತಿಗರಿ ಬಗ್ಗೆ ಬರೆದು ಹೇಳೋದು ಕಡಿಮೆ, ಕೈಗೇ ಬರಬೇಕು. ಅರ್ಧ ಕಿಲೋ ಮುದ್ದೆಯಿಂದ ಶುರು ಮಾಡಿ. ಮೊಣಕೈ ತೊಡೆಗೆ ಊರಿ ಕೂತರೆ ಮುದ್ದೆ ನಡುವಿಗೆ ಬರುತ್ತದೆ, ಕೈ ಗಾಳಿಯಲ್ಲಿದ್ದರೆ ಮುದ್ದೆಯೇ ನಿಮ್ಮನ್ನು ಕುಣಿಸುತ್ತದೆ. ಎಲ್ಲರೂ ಮಾಡೋ ತಪ್ಪು ಅಂದ್ರೆ ಕೈ ಜಾರಲಿ ಅಂತ ನೀರು ಸುರಿಯೋದು. ಗೋಡೆ ಆ ನೀರು ಕುಡಿದು ಮೆತ್ತಗಾಗಿ ಕುಸಿಯುತ್ತದೆ. ನೀರಿನ ಬದಲು ಕೈಗೆ ರಾಡಿ, ಅಂದ್ರೆ ನೀರಲ್ಲಿ ಕಲಸಿದ ತೆಳು ಮಣ್ಣು, ಹಚ್ಚಿಕೊಳ್ಳಿ. ಅಂದ ಹಾಗೆ, ದೊಡ್ಡ ಗಡಿಗೆಯ ಗುಂಡು ತಳ ತಿಗರಿ ಮೇಲೆ ಆಗೋದಲ್ಲ. ದಪ್ಪಗೆ ಎತ್ತಿ, ದಾರದಿಂದ ಕತ್ತರಿಸಿ, ಸ್ವಲ್ಪ ಬಿಗಿದ ಮೇಲೆ ಒಳಗೆ ಕಲ್ಲು ಹಿಡಿದು ಹೊರಗಿನಿಂದ ಮರದ ಬಡಿಗೆಯಲ್ಲಿ ತಟ್ಟಿ ತಟ್ಟಿ ಮಾಡ್ತಾರೆ.

ಈಗ ನನ್ನನ್ನು ಜಾಸ್ತಿ ಅಳಿಸಿದ ಭಾಗ, ಒಣಗಿಸೋದು. ನೀರು ಹೋದಂತೆ ಮಣ್ಣಿನ ಕಣಗಳು ಹತ್ತಿರ ಬರುತ್ತವೆ. ಬಾಯಿ ತೆಳು, ಅದಕ್ಕೆ ಗಾಳಿ ಬೇಗ ತಾಕುತ್ತದೆ. ತಳ ದಪ್ಪ, ಇನ್ನೂ ಹಸಿ. ಒಂದು ಕುಗ್ಗಿ ನಿಂತಾಗ ಇನ್ನೊಂದು ಕುಗ್ಗೋಕೆ ಶುರು ಮಾಡಿದರೆ ನಡುವೆ ಎಲ್ಲೋ ಸೀಳಲೇಬೇಕು. ಆಷಾಢದ ಗಾಳಿ ಬೀಸುವಾಗ ನಾನು ಬೇಗ ಒಣಗಲಿ ಅಂತ ಬಾಗಿಲ ಬಳಿ ಇಟ್ಟ ಐದು ಕುಡಿಕೆಯಲ್ಲಿ ನಾಲ್ಕು ಸೀಳಿದವು. ಈಗ ಬಾಯಿಗೆ ಒದ್ದೆ ಬಟ್ಟೆ ಸುತ್ತುತ್ತೇನೆ, ಬಾಯಿ ತನ್ನ ಭಾರ ತಡೆಯುವಷ್ಟು ಬಿಗಿದ ಮೇಲೆ ಬೋರಲು ಹಾಕುತ್ತೇನೆ. ನಮ್ಮ ಎತ್ತಿನ ಕೋಡು ಉದುರುತ್ತಿದ್ದ ಕಾರಣವೂ ಇದೇ. ಒಣಗಿದ ತಲೆಗೆ ಹಸಿ ಕೋಡು ಅಂಟಿಸಿದರೆ ಕೋಡು ಒಣಗುತ್ತಾ ಕುಗ್ಗಿ ಬಿಟ್ಟುಕೊಳ್ಳುತ್ತದೆ. ಎರಡೂ ಒಂದೇ ಹದದಲ್ಲಿರಬೇಕು, ಕೂಡುವ ಜಾಗ ಗೀರಿ ರಾಡಿ ಹಚ್ಚಿ ಒತ್ತಬೇಕು.

ಒಣಗಿದೆ ಅಂತ ಕಣ್ಣಿಗೆ ಕಂಡದ್ದನ್ನು ನಂಬಬೇಡಿ. ಕೆನ್ನೆಗೆ ಹಿಡಿದು ನೋಡಿ. ತಂಪು ಹತ್ತಿದರೆ ಒಳಗೆ ಇನ್ನೂ ನೀರಿದೆ, ಆವಿಗೆಗೆ (ಮಡಕೆ ಸುಡುವ ಭಟ್ಟಿಗೆ) ಇಡಬೇಡಿ. 100 ಡಿಗ್ರಿ ದಾಟುವಾಗ ಆ ನೀರು ಆವಿಯಾಗಿ, ಹೊರಬರಲು ದಾರಿ ಸಿಗದೆ ಪಾತ್ರೆಯನ್ನೇ ಸಿಡಿಸುತ್ತದೆ. ಅದಕ್ಕೇ ಮೊದಲು ಬರೀ ಹೊಗೆಯ ಬಿಸಿ ಕೊಡುತ್ತಾರೆ, ತೊಗರಿ ಕಟ್ಟಿಗೆ, ಕುಳ್ಳು ಜೋರಾಗಿ ಉರಿಯೋದು ಆಮೇಲೆ. ಇಷ್ಟಕ್ಕೂ ಮಣ್ಣಿನ ಕಣದೊಳಗೇ ಬೆಸೆದುಕೊಂಡ ನೀರು ಇನ್ನೂ ಇರುತ್ತದೆ. ಅದು ಹೋಗೋದು ಸುಮಾರು 450ರಿಂದ 600 ಡಿಗ್ರಿ ನಡುವೆ. ಅದು ಹೋದ ಮೇಲೆ ಎಷ್ಟು ನೆನೆಸಿದರೂ ಮತ್ತೆ ಮಣ್ಣಾಗುವುದಿಲ್ಲ, ಒಡೆದರೆ ಬೋಕಿಯೇ (ಮಡಕೆ ಚೂರೇ) ಗತಿ. ಅಲ್ಲಿಯವರೆಗೆ ಒಡೆದದ್ದನ್ನು ನೆನೆ ಹಾಕಿ ಮತ್ತೆ ಮುದ್ದೆ ಮಾಡಬಹುದು. ನಾನಂತೂ ಒಂದೇ ಮುದ್ದೆಯಲ್ಲಿ ಆರು ಸಲ ಸೋತಿದ್ದೇನೆ.

ಈ ವಾರ ಕಾಕಾ ಕೊಟ್ಟ ಕೆಲಸ, ಉಸುಕಿನ ಪ್ರಮಾಣ ಬೇರೆ ಬೇರೆ ಇಟ್ಟು ಮೂರು ಬಿಲ್ಲೆ. ಎರಡನ್ನು ಅಳೆದಾಯಿತು. ಮೂರನೆಯದು ನಾಲ್ಕು ದಿನದಿಂದ ಮಂಚದ ಕೆಳಗಿದೆ, ಈಗ ತಾನೇ ತೆಗೆದು ನೋಡಿದೆ. ಕೆನ್ನೆಗೆ ಇನ್ನೂ ತಂಪು ಹತ್ತುತ್ತಿದೆ.