ಶ್ರೀರಂಗಪಟ್ಟಣದಲ್ಲಿ ಸ್ವಿಸ್ ಸೈನಿಕರ ಗೋರಿಗಳು ಯಾಕಿವೆ?

ಪ್ರಶ್ನೆ: ಶ್ರೀರಂಗಪಟ್ಟಣದ ಗ್ಯಾರಿಸನ್ ಸ್ಮಶಾನದಲ್ಲಿ ಸ್ವಿಟ್ಜರ್‌ಲೆಂಡಿನವರ ಗೋರಿಗಳಿವೆಯಂತೆ. ಟಿಪ್ಪುವಿನ ಮೇಲೆ ಯುದ್ಧಕ್ಕೆ ಬಂದವರು ಇಂಗ್ಲಿಷರಲ್ಲವೇ?

ಇಂಗ್ಲಿಷರೇ. ಆದರೆ ಅವರ ಸೈನ್ಯದಲ್ಲಿ ಡಿ ಮ್ಯೂರಾನ್ ಎಂಬ ಬಾಡಿಗೆ ಪಡೆಯೂ ಇತ್ತು. ಈಗ ಸ್ವಿಟ್ಜರ್‌ಲೆಂಡಿಗೆ ಸೇರಿರುವ ನ್ಯೂಶಾಟೆಲ್‌ನ ಚಾರ್ಲ್ಸ್ ಡೇನಿಯಲ್ ಡಿ ಮ್ಯೂರಾನ್ 1781ರಲ್ಲಿ ಅದನ್ನು ಕಟ್ಟಿದ್ದು ಡಚ್ ಈಸ್ಟ್ ಇಂಡಿಯಾ ಕಂಪನಿಗಾಗಿ. ಪಡೆ ಸಿಲೋನಿನಲ್ಲಿದ್ದಾಗ, 1795ರಲ್ಲಿ, ಬ್ರಿಟಿಷರು ಅದನ್ನು ತಮ್ಮತ್ತ ಸೆಳೆದುಕೊಂಡರು. ಈ ಪಕ್ಷಾಂತರದ ಗುಟ್ಟಿನ ಪತ್ರ ಡಚ್ಚರ ಕಣ್ಣು ತಪ್ಪಿಸಿ, ಚೀಸ್ ಗಡ್ಡೆಯೊಳಗೆ ಅಡಗಿ ಕೊಲಂಬೊ ಸೇರಿತು ಎಂದು ಹೇಳುತ್ತಾರೆ! 1799ರ ಮೇ 4ರಂದು ಕೋಟೆಗೆ ನುಗ್ಗಿದವರಲ್ಲಿ ಈ ಪಡೆಯವರೂ ಇದ್ದರು.

ಇಲ್ಲಿರುವವರೆಲ್ಲ ಅಂದೇ ಸತ್ತವರು ಎಂದುಕೊಳ್ಳಬೇಡಿ. ಕೋಟೆ ಬಿದ್ದ ಮೇಲೂ ಪಡೆ ಕೆಲವು ವರ್ಷ ಇಲ್ಲೇ ಠಾಣ್ಯ ಹೂಡಿತ್ತು. ದ್ವೀಪದ ಜ್ವರ ಕುಖ್ಯಾತ; 1809ರಲ್ಲಿ ಬ್ರಿಟಿಷರು ದಂಡನ್ನು ಬೆಂಗಳೂರಿಗೆ ಸಾಗಿಸಿದ್ದಕ್ಕೆ ಅದೇ ದೊಡ್ಡ ಕಾರಣ. ಕಾವೇರಿ ದಡದ ಈ 300ಕ್ಕೂ ಹೆಚ್ಚು ಗೋರಿಗಳಲ್ಲಿ ಸೈನಿಕರ ಹೆಂಡತಿಯರಿದ್ದಾರೆ, ಎಳೆಯ ಮಕ್ಕಳಿದ್ದಾರೆ. ಯುದ್ಧ ಮಾಡದವರೂ ಹೀಗೆ ದೂರದ ಮಣ್ಣು ಸೇರಿದ್ದು ನನ್ನನ್ನು ಬಹಳ ಕಾಡುತ್ತದೆ.

ಬಹುಕಾಲ ಪಾಳುಬಿದ್ದಿದ್ದ ಜಾಗಕ್ಕೆ ಮತ್ತೆ ರೂಪ ಕೊಟ್ಟವರು ಡಿ ಮ್ಯೂರಾನ್ ವಂಶಸ್ಥರು. ಸುಮಾರು ಇನ್ನೂರು ವರ್ಷಗಳ ನಂತರ ಅವರು ತಮ್ಮವರನ್ನು ಹುಡುಕಿಕೊಂಡು ಬಂದರು, ಜೀರ್ಣೋದ್ಧಾರಕ್ಕೆ ನೆರವಾದರು.

ಉಳಿಸಿಕೊಳ್ಳುವುದು ಮಾತ್ರ ಮುಗಿಯದ ಕೆಲಸ. ಇಂಥ ಇಟ್ಟಿಗೆ-ಗಾರೆ ಕಟ್ಟಡಕ್ಕೆ ಅರಳಿ ಸಸಿಯೇ ಮೊದಲ ಶತ್ರು. ಬೆರಳುದ್ದ ಇರುವಾಗಲೇ ಬೇರುಸಹಿತ ತೆಗೆಯಬೇಕು. ಬಿಟ್ಟರೆ ಬೇರು ಸಂದಿಗಿಳಿದು ಇಟ್ಟಿಗೆ ಸೀಳುತ್ತದೆ. ಬಿರುಕಿಗೆ ಸಿಮೆಂಟು ಮೆತ್ತುವುದು ಅದಕ್ಕಿಂತ ಕೆಟ್ಟದ್ದು. ಗಾರೆ ತೇವ ಹೀರಿ ಹೊರಬಿಡುತ್ತದೆ, ಸಿಮೆಂಟು ಅದನ್ನು ಒಳಗೇ ಕೂಡಿಹಾಕುತ್ತದೆ. ಆಮೇಲೆ ಉಪ್ಪು ಉಕ್ಕಿ ಇಟ್ಟಿಗೆ ಪುಡಿಯಾಗುತ್ತದೆ. ಸುಣ್ಣ, ಮರಳು, ಇಟ್ಟಿಗೆ ಪುಡಿಗೆ ಬೆಲ್ಲ, ಅಳಲೆಕಾಯಿ ನೀರು ಬೆರೆಸುವ ನಮ್ಮ ಗಾರೆಯವರ ವಿದ್ಯೆಯೇ ಇಲ್ಲಿ ಬೇಕು.

ನೋಡಲು ಹೋದರೆ ಅಕ್ಷರ ಕಾಣಲೆಂದು ಕಲ್ಲಿಗೆ ಸೀಮೆಸುಣ್ಣ ಉಜ್ಜಬೇಡಿ. ಬೆಳಗಿನ ಓರೆ ಬಿಸಿಲಿನಲ್ಲಿ ಹೋಗಿ, ಸವೆದ ಹೆಸರುಗಳನ್ನೂ ಸಾಕಷ್ಟು ಓದಬಹುದು.