ಟ್ರಾಫಿಕ್-ಫ್ರೀ ಗ್ರಾವೆಲ್ ಅಂದರೆ ಏನು?

ಸೈಕಲ್ ಟೂರ್ ಜಾಹೀರಾತುಗಳಲ್ಲಿ ಈಗ ಯಾವ ಬೆಟ್ಟ ನೋಡಿದರೂ ‘ಟ್ರಾಫಿಕ್-ಫ್ರೀ ಗ್ರಾವೆಲ್’, ಅಂದರೆ ಮೋಟಾರು ಗಾಡಿ ಬರದ ಸಣ್ಣಕಲ್ಲಿನ ರಸ್ತೆ. ಮೊನ್ನೆ ಚಿಕ್ಕಮಗಳೂರು ಕಡೆಯ ಒಂದು ಮಣ್ಣುರಸ್ತೆಗೂ ಅದೇ ಹೆಸರು ಕೊಟ್ಟಿದ್ದನ್ನು ನೋಡಿದೆ. ಪ್ರವಾಸಿಗರನ್ನು ತುಂಬಿಕೊಂಡ ಬಾಡಿಗೆ ಜೀಪುಗಳು ಬೆಳಗಿನಿಂದ ಸಂಜೆವರೆಗೆ ಹತ್ತಿ ಇಳಿಯುವ ದಾರಿ ಅದು. ಅಲ್ಲಿ ಗ್ರಾವೆಲ್ಲೂ ಇಲ್ಲ, ಟ್ರಾಫಿಕ್-ಫ್ರೀ ಅಂತೂ ಮೊದಲೇ ಅಲ್ಲ. ಟಾರು ಕಾಣದ ರಸ್ತೆಗೆಲ್ಲ ಈ ಹೆಸರು ಇಡೋದಾದರೆ ಹೆಸರು ಯಾಕೆ ಬೇಕು?

ಮೊದಲು ಗ್ರಾವೆಲ್. ಹಳೆಯ ಫ್ರೆಂಚಿನಲ್ಲಿ ‘ಗ್ರಾವ್’ ಅಂದರೆ ನದಿಯ ಅಥವಾ ಕಡಲ ದಂಡೆಯ ಮರಳು, ಹರಳು. ‘ಚಿಕ್ಕದು’ ಅನ್ನೋ ಅರ್ಥದ ತುಣುಕು ಅದಕ್ಕೆ ಸೇರಿ ‘ಗ್ರಾವೆಲ್’ ಆಯಿತು. ಅದರ ಬೇರು ಇನ್ನೂ ಹಿಂದಿನ ಕೆಲ್ಟಿಕ್ ನುಡಿಗಳಲ್ಲಿರಬಹುದು ಅನ್ನೋದು ನುಡಿ ಬಲ್ಲವರ ಅಂದಾಜು. ಫ್ರಾನ್ಸಿನ ಬೋರ್ಡೋ ಪಕ್ಕದ ‘ಗ್ರಾವ್’ ದ್ರಾಕ್ಷಿ ಸೀಮೆಗೆ ಅಲ್ಲಿನ ಹರಳು ನೆಲದಿಂದಲೇ ಆ ಹೆಸರು ಬಂದದ್ದು. ಪ್ಯಾರಿಸ್‌ನಲ್ಲಿ ಸೇನ್ ನದಿಯ ದಂಡೆ ಮೇಲಿದ್ದ ‘ಪ್ಲಾಸ್ ದ ಗ್ರೆವ್’ ಕೂಡ ಇದೇ ಮನೆತನದ್ದು. ದೋಣಿಗಳಿಂದ ಸರಕು ಇಳಿಸುವ ಜಾಗ ಅದು. ಕೂಲಿ ಹುಡುಕುವವರು ಬಂದು ಅಲ್ಲೇ ನಿಲ್ಲುತ್ತಿದ್ದರು. ಮುಂದೆ ಫ್ರೆಂಚಿನಲ್ಲಿ ಮುಷ್ಕರಕ್ಕೇ ‘ಗ್ರೆವ್’ ಅನ್ನೋ ಹೆಸರು ನಿಂತಿತು.

ಹುಟ್ಟಿನಲ್ಲಿ ಗ್ರಾವೆಲ್ ಅಂದರೆ ನೀರು ಉರುಳಿಸಿ ದುಂಡು ಮಾಡಿದ ಹರಳು ಅಂತಾಯಿತು. ಆದರೆ ದುಂಡು ಹರಳಿನ ಮೇಲೆ ಸೈಕಲ್ ಓಡಿಸಿ ನೋಡಿ. ಚಕ್ರ ಒಂದು ಕಡೆ, ನೀವು ಒಂದು ಕಡೆ. ದುಂಡು ಕಲ್ಲು ಒಂದಕ್ಕೊಂದು ಕಚ್ಚಿಕೊಳ್ಳೋದಿಲ್ಲ. ಕೋನ ಇರುವ, ಒಡೆದ ಸಣ್ಣ ಕಲ್ಲು ಕಚ್ಚಿಕೊಳ್ಳುತ್ತದೆ. 1816ರಲ್ಲಿ ಬ್ರಿಸ್ಟಲ್‌ನ ರಸ್ತೆಗಳ ಉಸ್ತುವಾರಿ ವಹಿಸಿಕೊಂಡ ಸ್ಕಾಟ್ಲೆಂಡಿನ ಜಾನ್ ಲೌಡನ್ ಮೆಕಾಡಮ್ ಹಿಡಿದದ್ದು ಇದೇ ಸೂತ್ರ. ಕಲ್ಲನ್ನು ಸಣ್ಣಗೆ ಒಡೆಸಿ ಪದರವಾಗಿ ಹರಡಿಸಿದ. ಮಳೆನೀರು ನಿಲ್ಲದೆ ಪಕ್ಕಕ್ಕೆ ಹರಿದುಹೋಗುವ ಹಾಗೆ ರಸ್ತೆಯ ನಡುವನ್ನು ಸ್ವಲ್ಪ ಎತ್ತರಿಸಿದ. ಓಡಾಡುವ ಗಾಡಿಗಳ ಭಾರಕ್ಕೆ ಕಲ್ಲುಗಳು ಬಿಗಿಯಾದವು. ಇವತ್ತು ಗ್ರಾವೆಲ್ ರಸ್ತೆ ಅನ್ನೋದರಲ್ಲಿ ಹೆಚ್ಚಿನದು ಈ ಜಾತಿಯದು. ಒಡೆದ ಕಲ್ಲು, ಸಂದು ತುಂಬಲು ನುಣ್ಣನೆ ಪುಡಿ, ನೀರು, ರೋಲರ್. ಎಲ್ಲ ಸೇರಿ ಗಟ್ಟಿಯಾದ ಮೈ, ಮೇಲೆ ಒಂದಿಷ್ಟು ಸಡಿಲ ಹರಳು.

ಹಾಗಾಗಿ ಗ್ರಾವೆಲ್ ಅಂದ ಕೂಡಲೇ ‘ಜಲ್ಲಿ ರಸ್ತೆ’ ಅಂತ ಬರೆಯುವವರ ಮೇಲೆ ನನಗೆ ತಕರಾರಿದೆ. ನಮ್ಮಲ್ಲಿ ಜಲ್ಲಿ ರಸ್ತೆ ಅಂದರೆ ಗುತ್ತಿಗೆದಾರ ಜಲ್ಲಿ ಸುರಿದು, ರೋಲರ್ ಹೊಡೆಸದೆ, ಬಿಲ್ ಆಗಲಿ ಅಂತ ತಿಂಗಳುಗಟ್ಟಲೆ ಬಿಟ್ಟ ರಸ್ತೆ. ಅದು ಮುಗಿಯದ ಕೆಲಸ. ಅದರಲ್ಲಿ 40 ಮಿ.ಮೀ. ಅಗಲದ ಟೈರೂ ಹೂತುಹೋಗುತ್ತದೆ. ನಿಜವಾದ ಗ್ರಾವೆಲ್‌ಗೆ ನಮ್ಮಲ್ಲಿ ಹತ್ತಿರ ಬರೋದು ಚೆನ್ನಾಗಿ ಕೂತ ಗರಸು ರಸ್ತೆ. ಇನ್ನು ಬೇರು, ಬಂಡೆ, ಒಬ್ಬರೇ ಹೋಗುವಷ್ಟು ಅಗಲದ ಕಾಲುದಾರಿ ಇದ್ದರೆ ಅದು ಮೌಂಟನ್ ಬೈಕಿನ ಜಾಗ. ಬಾಗಿದ ಹ್ಯಾಂಡಲ್‌ನ, ಸಸ್ಪೆನ್ಷನ್ ಇಲ್ಲದ ಗ್ರಾವೆಲ್ ಸೈಕಲ್‌ಗೆ ಅದು ಹೇಳಿ ಮಾಡಿಸಿದ್ದಲ್ಲ.

ಇನ್ನು ಗ್ರಾವೆಲ್ ಅಂದಮೇಲೆ ಗಾಡಿ ಓಡಾಟ ಇರೋದೇ ಇಲ್ಲ ಅನ್ನೋ ನಂಬಿಕೆ. ಇದು ಎಲ್ಲಿಂದ ಬಂತೋ! ಗ್ರಾವೆಲ್ ಮೇಲೆ ಸೈಕಲ್ ತುಳಿಯುವ ಈ ಆಟಕ್ಕೆ ಇವತ್ತಿನ ಹೆಸರು ತಂದುಕೊಟ್ಟದ್ದು ಅಮೆರಿಕದ ನಡುಭಾಗದ ಬಯಲು. ಈಗ ‘ಅನ್‌ಬೌಂಡ್ ಗ್ರಾವೆಲ್’ ಅನ್ನುವ 200 ಮೈಲಿ ರೇಸು 2006ರಲ್ಲಿ ಕಾನ್ಸಾಸ್‌ನಲ್ಲಿ ಶುರುವಾಯಿತು. ಅಲ್ಲಿ ಹೊಲಗಳ ನಡುವೆ ಸುಮಾರು ಮೈಲಿಗೊಂದರಂತೆ ಚೌಕ ಚೌಕವಾಗಿ ಹರಡಿರುವ ಕಚ್ಚಾ ರಸ್ತೆಗಳು ಸಾರ್ವಜನಿಕ ರಸ್ತೆಗಳೇ. ಪಿಕಪ್ ಟ್ರಕ್ಕು, ಟ್ರ್ಯಾಕ್ಟರ್ ಧೂಳೆಬ್ಬಿಸಿಕೊಂಡು ಹೋಗ್ತಾನೇ ಇರುತ್ತವೆ. ಕಡಿಮೆ, ಅಷ್ಟೇ. ‘ಕಡಿಮೆ ಟ್ರಾಫಿಕ್’ ಬೇರೆ, ‘ಟ್ರಾಫಿಕ್-ಫ್ರೀ’ ಬೇರೆ. ಮೊದಲನೆಯದು ಆ ಹೊತ್ತಿನ ಅದೃಷ್ಟ, ಎರಡನೆಯದು ನಿಯಮ.

ಈ ವ್ಯತ್ಯಾಸ ಕಣ್ಣಿಗೆ ಕಾಣಬೇಕಾದರೆ ವಾಯವ್ಯ ಇಟಲಿಯ ಅಸಿಯೆತ್ತಾ ರಸ್ತೆಗೆ ಹೋಗಬೇಕು. ಸೂಸಾ ಮತ್ತು ಕಿಸೋನೆ ಕಣಿವೆಗಳ ನಡುವಿನ ಬೆಟ್ಟದ ನೆತ್ತಿಯ ಮೇಲೆ, ಕೊಲ್ಲೆ ದೆಲ್ಲೆ ಫಿನೆಸ್ತ್ರೆ ಅನ್ನೋ ಘಾಟಿಯ ಕಡೆಯಿಂದ ಸೆಸ್ಟ್ರಿಯೆರೆ ಊರಿನವರೆಗೆ ಸಾಗುವ ಹಳೆಯ ಸೈನ್ಯದ ದಾರಿ ಇದು. ದಾರಿ ಬೆಟ್ಟಸಾಲು ದಾಟುವ ಅಸಿಯೆತ್ತಾ ಘಾಟಿ ಇರೋದು 2,472 ಮೀಟರ್ ಎತ್ತರದಲ್ಲಿ. 1747ರಲ್ಲಿ ಇದೇ ಬೆಟ್ಟದ ಮೇಲೆ ಆ ಸೀಮೆಯ ಪಿಯೆಡ್ಮಾಂಟ್ ಸೈನ್ಯ ಫ್ರೆಂಚರನ್ನು ಸೋಲಿಸಿತ್ತು. ಬೇಸಿಗೆಯಲ್ಲಿ ಯೂರೋಪಿನ ಬೈಕು, ಜೀಪಿನವರಿಗೆಲ್ಲ ಈ ದಾರಿ ಬೇಕು. ಅದಕ್ಕೇ ಜುಲೈ, ಆಗಸ್ಟ್‌ನಲ್ಲಿ ಬುಧವಾರ ಮತ್ತು ಶನಿವಾರ ಬೆಳಿಗ್ಗೆ 9ರಿಂದ ಸಂಜೆ 5ರವರೆಗೆ ಮೋಟಾರು ಗಾಡಿಗಳಿಗೆ ಪ್ರವೇಶ ಇಲ್ಲ ಅಂತ ನಿಯಮ ಮಾಡಿಕೊಂಡು ಬಂದಿದ್ದಾರೆ. ಮಂಗಳವಾರ ಅದು ಬರೀ ಗ್ರಾವೆಲ್ ರಸ್ತೆ. ಬುಧವಾರ ಟ್ರಾಫಿಕ್-ಫ್ರೀ ಗ್ರಾವೆಲ್ ರಸ್ತೆ. ಕಲ್ಲು ಅದೇ, ಬೆಟ್ಟ ಅದೇ, ಬದಲಾದದ್ದು ನಿಯಮ ಮಾತ್ರ. ಹೋಗುವವರು ಆ ವರ್ಷದ ಆದೇಶ ನೋಡಿಕೊಂಡೇ ಹೊರಡಬೇಕು.

ವಾರದ ಲೆಕ್ಕ ಬೇಡ ಅನ್ನುವವರಿಗೆ ಇಟಲಿಯದೇ ಡೋಲೊಮೈಟ್ಸ್ ಬೆಟ್ಟಗಳ ಹಳೆಯ ರೈಲು ದಾರಿ ಇದೆ. ಕಲಾಲ್ಸೊದಿಂದ ಕೊರ್ತಿನಾ ಮೂಲಕ ದೊಬ್ಬಿಯಾಕೊವರೆಗೆ 1921ರಲ್ಲಿ ಪೂರ್ತಿಯಾದ ಕಿರಿದಾದ ಹಳಿಯ ರೈಲು 1964ರಲ್ಲಿ ನಿಂತುಹೋಯಿತು. ಹಳಿ ಕಿತ್ತ ಜಾಗದಲ್ಲಿ ಈಗ ಸೈಕಲ್ ದಾರಿ. ಕೊರ್ತಿನಾದಿಂದ ದೊಬ್ಬಿಯಾಕೊ ಕಡೆಗಿನ ಸುಮಾರು 30 ಕಿ.ಮೀ. ಭಾಗದಲ್ಲಿ ಹೆಚ್ಚಿನದು ಗ್ರಾವೆಲ್. ರೈಲಿಗೆ ಕಡಿದಾದ ಏರು ಆಗಿಬರೋದಿಲ್ಲವಲ್ಲ, ಹಾಗಾಗಿ 1,530 ಮೀಟರ್ ಎತ್ತರದ ಚಿಮಬಾಂಕೆ ಘಾಟಿ ದಾಟುವಾಗಲೂ ಏರು ಒಂದೇ ಸಮನೆ, ಮೆಲ್ಲಗೆ. ದಾರಿಯಲ್ಲಿ ರೈಲು ಹೋಗುತ್ತಿದ್ದ ಸುರಂಗಗಳ ಒಳಗೇ ಸೈಕಲ್ ತುಳಿಯುತ್ತೀರಿ. ಆದರೆ ಅಲ್ಲಿ ಮೋಟಾರಿನ ಸದ್ದೇ ಕೇಳೋದಿಲ್ಲ ಅಂದುಕೊಳ್ಳಬೇಡಿ. ಹೆದ್ದಾರಿ ಪಕ್ಕದಲ್ಲೇ ಹರಿಯುತ್ತದೆ. ಟ್ರಾಫಿಕ್-ಫ್ರೀ ಅನ್ನೋದು ದಾರಿಯ ಬಗ್ಗೆ ಹೇಳುವ ಮಾತು, ನಿಶ್ಶಬ್ದದ ಬಗ್ಗೆ ಅಲ್ಲ.

ನೆಲ ನೋಡಿಯೂ ಒಂದಿಷ್ಟು ಹೇಳಬಹುದು. ರಸ್ತೆ ಮೇಲೆ ಅಡ್ಡಡ್ಡ ಅಲೆ ಅಲೆಯಾಗಿ ಏರುತಗ್ಗು ಇದ್ದು, ಕೈ ಮರಗಟ್ಟುವಷ್ಟು ಹ್ಯಾಂಡಲ್ ನಡುಗುತ್ತಿದ್ದರೆ ಅಲ್ಲಿ ಗಾಡಿಗಳು ವೇಗವಾಗಿ ಓಡುತ್ತಿವೆ ಅಂತ ತಿಳಿಯಿರಿ. ಒಂದು ಮಟ್ಟಕ್ಕಿಂತ ಜೋರಾಗಿ ಹೋಗುವ ಚಕ್ರ ಚೂರು ಪುಟಿದು ಬಿದ್ದು ಸಡಿಲ ನೆಲವನ್ನು ಹಾಗೆ ಮಡಿಸುತ್ತದೆ. ಎರಡು ಚಕ್ರದ ಗುರುತಿನ ನಡುವೆ ಹುಲ್ಲು ಸೊಂಪಾಗಿ ಬೆಳೆದಿದ್ದರೆ ಓಡಾಟ ಕಡಿಮೆ. ಆದರೂ ಅದು ನಿಯಮ ಹೇಳೋದಿಲ್ಲ.

ನಿಯಮ ಹೇಳೋದು ಫಲಕ. ಇಲ್ಲೇ ತುಂಬಾ ಜನ ಎಡವೋದು. ಆಸ್ಟ್ರಿಯಾದ ಕಾಡುರಸ್ತೆಗಳು ನೋಡೋಕೆ ಅಚ್ಚುಕಟ್ಟಾದ ಗ್ರಾವೆಲ್, ಗಾಡಿಯೂ ಇಲ್ಲ. ಆದರೆ 1975ರ ಅಲ್ಲಿನ ಅರಣ್ಯ ಕಾಯ್ದೆ ಕಾಡಿನಲ್ಲಿ ನಡೆದಾಡುವ ಹಕ್ಕು ಎಲ್ಲರಿಗೂ ಕೊಟ್ಟಿದೆ, ಸೈಕಲ್ ತುಳಿಯೋದಕ್ಕೆ ಮಾತ್ರ ಒಪ್ಪಿಗೆ ಬೇಕು. ಸೈಕಲ್‌ಗೆ ಬಿಟ್ಟುಕೊಟ್ಟ ದಾರಿಗಳಿಗೆ ಬೇರೆಯೇ ಫಲಕ ಇರುತ್ತದೆ. ಕೆಂಪು ಅಂಚಿನ ಬಿಳಿ ವೃತ್ತದ ಒಳಗೆ ಕಾರು, ಬೈಕಿನ ಚಿತ್ರ ಇದ್ದರೆ ತಡೆ ಮೋಟಾರು ಗಾಡಿಗೆ. ವೃತ್ತದ ಒಳಗೆ ಏನೂ ಇಲ್ಲದೆ ಬರೀ ಬಿಳಿ ಇದ್ದರೆ ತಡೆ ಎಲ್ಲ ಗಾಡಿಗೂ, ಸೈಕಲ್‌ಗೂ. ಕೆಳಗಿನ ಪಟ್ಟಿಯಲ್ಲಿ ಸೈಕಲ್‌ಗೆ ವಿನಾಯಿತಿ ಬರೆದಿಲ್ಲ ಅಂದರೆ ಇಳಿದು ತಳ್ಳಿಕೊಂಡು ಹೋಗಬೇಕು.